ಬೆಂಗೇರಿಯ ಖಾದಿ ಧ್ವಜ: ಟೇಪು ಹಿಡಿದು ನೋಡಿದಾಗ

ರಾಷ್ಟ್ರಧ್ವಜ ಕೊಳ್ಳುವ ವಿಷಯದಲ್ಲಿ ಹುಬ್ಬಳ್ಳಿಯವರಿಗೆ ಹೆಚ್ಚಿನ ಊರಿನವರಿಗಿಲ್ಲದ ಅನುಕೂಲ ಒಂದಿದೆ. ಧ್ವಜ ತಯಾರಾಗುವ ಜಾಗ ಊರೊಳಗೇ ಇದೆ. ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಶುರುವಾದದ್ದು 1957ರಲ್ಲಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪರವಾನಿಗೆ ಪಡೆದು ಧ್ವಜ ಹೊಲಿಯಲು ತೊಡಗಿದ್ದು ಅದಾಗಿ ಸುಮಾರು ಅರ್ಧ ಶತಮಾನದ ಮೇಲೆ. ನೂಲು, ನೇಯ್ಗೆ, ಬಣ್ಣ, ಚಕ್ರದ ಅಚ್ಚು, ಹೊಲಿಗೆ, ಹಗ್ಗ ಹಾಕುವುದು, ಹೀಗೆ ಆರು ಹಂತ ದಾಟಿದ ಮೇಲೆಯೇ ಧ್ವಜ ಹೊರಬೀಳುತ್ತದೆ. ಕೆಲಸದವರಲ್ಲಿ ಬಹುಪಾಲು ಹೆಣ್ಣುಮಕ್ಕಳು.

ಅಳತೆಗಳು ಒಂಬತ್ತು. ದೊಡ್ಡದು 6300x4200 ಮಿಮೀ, ಅಂದರೆ ಸುಮಾರು 21x14 ಅಡಿ; ಚಿಕ್ಕದು ಮೇಜಿನ ಮೇಲಿಡುವ 150x100 ಮಿಮೀ. ಮನೆಯ ಬಾಲ್ಕನಿಗೆ 900x600 ಸಾಕು. ಶಾಲೆ, ಸೊಸೈಟಿಯ ಇಪ್ಪತ್ತಡಿ ಕಂಬಕ್ಕೆ 1800x1200 ಒಪ್ಪುತ್ತದೆ. ಧ್ವಜದ ಉದ್ದ ಕಂಬದ ಎತ್ತರದ ಮೂರನೇ ಒಂದು ಭಾಗ ಮೀರಿದರೆ ಕಂಬಕ್ಕೆ ಸುತ್ತಿಕೊಳ್ಳುವುದೇ ಹೆಚ್ಚು.

ಖಾದಿ ಇರಲಿ, ಸಂತೆಯ ಧ್ವಜ ಇರಲಿ, ಟೇಪು ಹಿಡಿದೇ ನೋಡಬೇಕು. 900x600ರಲ್ಲಿ ಒಂದೊಂದು ಪಟ್ಟಿ 200 ಮಿಮೀ, ಚಕ್ರದ ವ್ಯಾಸ 185. ಚಕ್ರದ ಮೇಲೆ ಕೆಳಗೆ ಏಳೂವರೆ ಮಿಮೀಯಷ್ಟೇ ಬಿಳಿ ಉಳಿಯಬೇಕು. 1800x1200ರಲ್ಲಿ ಚಕ್ರ 370, ಉಳಿಯುವ ಬಿಳಿ 15. ಅಗ್ಗದ ಧ್ವಜಗಳಲ್ಲಿ ಮೊದಲು ಕೈಕೊಡುವುದು ಇಲ್ಲೇ: ಚಕ್ರ ಸಣ್ಣದಾಗಿ, ಮೊಟ್ಟೆಯಾಕಾರವಾಗಿ, ಒಂದು ಬದಿಗೆ ಸರಿದು ಕೂತಿರುತ್ತದೆ. ಆಮೇಲೆ ಧ್ವಜ ತಿರುಗಿಸಿ. ಎರಡೂ ಮೈಯಲ್ಲಿ ಚಕ್ರ ಒಂದರ ಬೆನ್ನಿಗೆ ಇನ್ನೊಂದು ಸರಿಯಾಗಿ ಕೂತಿರಬೇಕು, 24 ಕಡ್ಡಿ ಬಿಡಿಬಿಡಿಯಾಗಿ ಎಣಿಸಲು ಸಿಗಬೇಕು. ಬೆಳಕಿಗೆ ಹಿಡಿದಾಗ ಜೋಡಿ ಗೆರೆ ಕಂಡರೆ ಅಚ್ಚು ಜಾರಿದೆ ಎಂದೇ ತಿಳಿಯಿರಿ. ಕೊನೆಗೆ ಟಾಗಲ್, ಅಂದರೆ ಹಗ್ಗದ ತುದಿಯ ಕಟ್ಟಿಗೆಯ ತುಂಡು. ಅದು ಕೇಸರಿಯ ಕಡೆಗೇ ಇರಬೇಕು. ಧ್ವಜ ತಲೆಕೆಳಗಾಗಿ ಏರುವುದು ಬಹಳ ಸಲ ಇದನ್ನು ನೋಡದೆ ಕಟ್ಟಿದ್ದರಿಂದ.

ಖಾದಿ ತುಟ್ಟಿ, ಅದರಲ್ಲಿ ಅನುಮಾನವಿಲ್ಲ. 2022ರಲ್ಲಿ ಅಂಚೆ ಕಚೇರಿಯಲ್ಲಿ 25 ರೂಪಾಯಿಗೆ ಪಾಲಿಸ್ಟರ್ ಧ್ವಜ ಸಿಕ್ಕಿತ್ತು. ಕೈನೂಲಿನ ಅರಿವೆ ಆ ದರಕ್ಕೆ ಬರುವ ಮಾತೇ ಇಲ್ಲ. ಧ್ವಜ ಬಳಕೆಯ ಸರ್ಕಾರಿ ನಿಯಮವಾದ ಧ್ವಜ ಸಂಹಿತೆಗೆ 2021ರ ಡಿಸೆಂಬರಿನಲ್ಲಿ ಆದ ತಿದ್ದುಪಡಿಯಿಂದ ಪಾಲಿಸ್ಟರ್, ಯಂತ್ರದ ನೇಯ್ಗೆ ಎರಡಕ್ಕೂ ಒಪ್ಪಿಗೆಯಿದೆ. ಆದ್ದರಿಂದ ಪಾಲಿಸ್ಟರ್ ಕಟ್ಟಿದವರ ದೇಶಪ್ರೇಮ ಅಳೆಯಲು ಹೋಗುವುದು ಅಧಿಕಪ್ರಸಂಗ. ಆದರೆ ಆ ತಿದ್ದುಪಡಿಯ ವಿರುದ್ಧ ಬೆಂಗೇರಿಯಲ್ಲಿ ಪ್ರತಿಭಟನೆ ನಡೆದದ್ದು ಯಾಕೆಂದು ಖಾದಿ ಧ್ವಜವನ್ನು ಕೈಯಲ್ಲಿ ಹಿಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಖಾದಿಯ ದೊಡ್ಡ ಕೊರತೆ ಮಳೆ. ನಮ್ಮ ಕಡೆ ಆಗಸ್ಟ್ ಎಂದರೆ ಜಿಟಿಜಿಟಿ, ಧಾರವಾಡದಲ್ಲಂತೂ ಕೇಳುವುದೇ ಬೇಡ. ಹತ್ತಿ ನೀರು ಕುಡಿದು ಭಾರವಾಗಿ ಜೋತುಬೀಳುತ್ತದೆ; ಗಾಳಿ ಎದ್ದರೆ ಹಾರುವ ತುದಿಯ ಅಂಚು ಮೊದಲು ಎಳೆಬಿಡುತ್ತದೆ. 2022ರ ಜುಲೈನಿಂದ ಮನೆಯ ಮೇಲೆ ಹಗಲು ರಾತ್ರಿ ಹಾರಿಸಬಹುದು, ನಿಜ. ಖಾದಿಗೆ ಮಾತ್ರ ಸಂಜೆ ಇಳಿಸುವ ಹಳೆಯ ರೂಢಿಯೇ ಲೇಸು. ಒದ್ದೆ ಇದ್ದಾಗ ಮಡಿಚಬೇಡಿ. ಕೇಸರಿ, ಹಸಿರು ಬಿಳಿಗೆ ಇಳಿಯುವ ಅಪಾಯವಿದೆ. ನೆರಳಲ್ಲಿ ಹರವಿ ಒಣಗಿಸಿ, ಕೇಸರಿ ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಿಸಿ, ಎರಡೂ ಬದಿಯಿಂದ ಒಳಕ್ಕೆ ಮಡಿಸಿದರೆ ಚಕ್ರ ಮೇಲೆ ಉಳಿಯುತ್ತದೆ.

ಹೂವಿನ ಗಂಟಿನ ಬಗ್ಗೆ ಒಂದು ಮಾತು. ರೂಢಿಯಂತೆ ಆಗಸ್ಟ್ 15ಕ್ಕೆ ಧ್ವಜವನ್ನು ಕೆಳಗಿನಿಂದ ಏರಿಸುತ್ತಾರೆ, ಮೇಲೆ ಕಟ್ಟಿಟ್ಟು ಬಿಚ್ಚುವುದು ಜನವರಿ 26ಕ್ಕೆ. ಆದರೂ ಬಹಳ ಶಾಲೆಗಳು ಎರಡೂ ದಿನ ಗಂಟು ಕಟ್ಟುತ್ತವೆ. ಮಳೆಯಲ್ಲಿ ನೂಲಿನ ಹಗ್ಗ ಉಬ್ಬಿ ಗಂಟು ಕಚ್ಚಿಕೊಳ್ಳುತ್ತದೆ, ಎಳೆದಷ್ಟೂ ಬಿಗಿಯುತ್ತದೆ, ಮುಖ್ಯ ಅತಿಥಿಗಳು ಮೇಲೆ ನೋಡುತ್ತ ನಿಲ್ಲುತ್ತಾರೆ. ಗಂಟು ಬೇಕೇಬೇಕೆಂದರೆ ಹಿಡಿಯಷ್ಟು ಬಿಡಿ ಎಸಳು ಸಾಕು, ಇಡೀ ಸೇವಂತಿಗೆ ಬೇಡ. ಜಾರುಗಂಟು ಹಾಕಿ, ಹಿಂದಿನ ದಿನ ಒಂದು ಟವೆಲ್ ಕಟ್ಟಿ ಎಳೆದು ನೋಡಿ. ಗಡಗಡೆಗೆ ಎಣ್ಣೆ ಬಿಡುವ ಕೆಲಸವೂ ಆಗಲೇ ಮುಗಿಯಲಿ. ಏರಿಸುವಾಗ ಚುರುಕು, ಇಳಿಸುವಾಗ ನಿಧಾನ.

ಅಂಚು ಹರಿದ ಧ್ವಜ ಮತ್ತೆ ಕಂಬಕ್ಕೆ ಏರುವಂತಿಲ್ಲ. ಮರೆಯಲ್ಲಿ, ಗೌರವದಿಂದ ಸುಡುವುದು ಧ್ವಜ ಸಂಹಿತೆ ಹೇಳುವ ದಾರಿ; ಕಸದ ಗಾಡಿಗೆ ಹಾಕುವಂತಿಲ್ಲ. ಕಾರಿನ ಬಾನೆಟ್ಟಿಗೆ ಹೊದಿಸಲು ದೊಡ್ಡ ಧ್ವಜ ಹುಡುಕುವವರು ದುಡ್ಡು ಉಳಿಸಿಕೊಳ್ಳಲಿ. ವಾಹನಕ್ಕೆ ಹೊದಿಸುವುದಕ್ಕೆ ಸಂಹಿತೆಯಲ್ಲಿ ನಿಷೇಧವಿದೆ, ಕಾರಿನ ಮೇಲೆ ಹಾರಿಸುವ ಅಧಿಕಾರ ರಾಷ್ಟ್ರಪತಿ, ರಾಜ್ಯಪಾಲ, ಮಂತ್ರಿಗಳಂಥ ಗೊತ್ತುಪಡಿಸಿದವರಿಗೆ ಮಾತ್ರ.