ಎನ್‌ವಿಡಿಎ: ಹಲವು ವರ್ಷ ಬಳಸಿದ ಮೇಲೆ

ನನಗೆ ಕಣ್ಣು ಕಾಣುವುದಿಲ್ಲ. ಹೊಸನಗರದ ಕಡೆಯ ನಮ್ಮೂರಲ್ಲಿ ಕೂತು ಕಂಪ್ಯೂಟರ್‌ನಲ್ಲಿ ನಾನು ಮಾಡುವ ಕೆಲಸವೆಲ್ಲ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ನಂಬಿಕೊಂಡೇ. ವಿಂಡೋಸ್ ಪರದೆಯ ಮೇಲಿರುವುದನ್ನು ಅದು ಓದಿ ಹೇಳುತ್ತದೆ. ದುಡ್ಡು ಕೊಡಬೇಕಿಲ್ಲ. ಪೆನ್‌ಡ್ರೈವ್‌ಗೆ ಹಾಕಿಕೊಂಡು ಶಿವಮೊಗ್ಗಕ್ಕೆ ಹೋದರೆ ಅಲ್ಲಿ ಬೇರೆಯವರ ಕಂಪ್ಯೂಟರ್‌ನಲ್ಲೂ ಇನ್‌ಸ್ಟಾಲ್ ಮಾಡದೆ ಓಡಿಸಬಹುದು.

2006ರಲ್ಲಿ ಇದನ್ನು ಶುರು ಮಾಡಿದವರು ಆಸ್ಟ್ರೇಲಿಯಾದ ಮೈಕೆಲ್ ಕರ್ರನ್. ಆಮೇಲೆ ಜೇಮ್ಸ್ ಟೆ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಬಳಸುವಾಗ ಅದು ಗೊತ್ತಾಗುತ್ತದೆ. ಓದಿದ್ದು ಸಾಕು ಅನಿಸಿದರೆ ಕಂಟ್ರೋಲ್ ಕೀ ಒತ್ತಿದರೆ ಆಯ್ತು, ತಕ್ಷಣ ನಿಲ್ಲುತ್ತದೆ.

ಜೊತೆಗೇ ಬರುವ ಇಸ್ಪೀಕ್ ಎಂಬ, ಅಕ್ಷರವನ್ನು ಮಾತಾಗಿಸುವ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಯಂತ್ರದ ಧ್ವನಿ, ಇಂಪಿಲ್ಲ. ಆದರೂ ಕಿವಿ ಪಳಗಿದರೆ ಎಷ್ಟು ವೇಗದಲ್ಲೂ ಅರ್ಥವಾಗುತ್ತದೆ. ಅದಕ್ಕೆ ಸೋಲು ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರ್‌ನಲ್ಲೂ ಒಂದೇ ಸಂಕೇತ ಇರುವ ವ್ಯವಸ್ಥೆ) ಅಲ್ಲದ ಹಳೆಯ ಫಾಂಟ್‌ನಲ್ಲಿ. ಅಲ್ಲಿ ಕನ್ನಡದಂತೆ ಕಾಣುವುದರ ಒಳಗೆ ಇರುವುದು ಬೇರೆ ಅಕ್ಷರ, ಚಿಹ್ನೆಗಳು. ಒಂದು ಕಚೇರಿಯಿಂದ ಬಂದ ಪತ್ರದಲ್ಲಿ ‘ಕನ್ನಡ’ ಎಂಬ ಪದ ‘ಪಿ, ಪೌಂಡ್, ಕ್ಯೂ’ ಅಂತೆಲ್ಲ ಕೇಳಿಸಿತು. ಇದು ಎನ್‌ವಿಡಿಎ ತಪ್ಪಲ್ಲ. ಪತ್ರ ಟೈಪ್ ಮಾಡುವವರು ಇನ್ನಾದರೂ ಯೂನಿಕೋಡ್‌ಗೆ ಬರಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾಗಿರುವುದು ದೂರು ಹೇಳುವ ದಾರಿ. ಏನಾದರೂ ಕೆಟ್ಟರೆ ಎನ್‌ವಿಡಿಎಯ ಟೂಲ್ಸ್ ಮೆನುವಿನಲ್ಲಿ ಲಾಗ್, ಅಂದರೆ ಅದು ಏನೇನಾಯಿತು ಎಂದು ಬರೆದಿಡುವ ದಾಖಲೆ, ತೆರೆಯಬಹುದು. ಎಲ್ಲಿ ಎರರ್ ಬಂತು, ಸೆಟ್ಟಿಂಗ್‌ನಲ್ಲಿ ಲಾಗ್ ಮಟ್ಟ ಹೆಚ್ಚಿಸಿದ್ದರೆ ಯಾವ ಕೀ ಒತ್ತಿದೆ, ಎಲ್ಲ ಬರೀ ಅಕ್ಷರದಲ್ಲಿ ಇರುತ್ತದೆ. ಅದನ್ನು ಕಾಪಿ ಮಾಡಿ ಗಿಟ್‌ಹಬ್‌ನಲ್ಲಿ (ತಂತ್ರಾಂಶದ ಕೋಡ್ ಇಟ್ಟು, ದೂರು ಚರ್ಚಿಸುವ ವೆಬ್‌ಸೈಟ್) ಹಾಕಿದರೆ ಕಣ್ಣಿದ್ದವರೂ ಇಲ್ಲದವರೂ ಒಂದೇ ಸಮ ಓದುತ್ತಾರೆ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ಹೇಗಿರುತ್ತದೆ ಗೊತ್ತಲ್ವಾ? ವಿಡಿಯೊ ಮೀಟಿಂಗ್ ಅರ್ಧಕ್ಕೇ ನಿಂತುಹೋಗುತ್ತದೆ. ಅಕ್ಷರ ಮಾತ್ರ ಹೇಗಾದರೂ ಬಂದು ತಲುಪುತ್ತದೆ.

ಎನ್‌ವಿಡಿಎಯಂತೆ ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿಟ್ಟ ತಂತ್ರಾಂಶ ಮಾಡುವ ಬೇರೆ ಎಷ್ಟೋ ಗುಂಪುಗಳಲ್ಲಿ ಈ ಅಭ್ಯಾಸವಿಲ್ಲ. ಎರರ್ ಬಂದರೆ ಸ್ಕ್ರೀನ್‌ಶಾಟ್ ಹಾಕಿ ‘ಇದು ನೋಡಿ’ ಅಂತಾರೆ. ನನಗೆ ಕೇಳುವುದು ‘ಚಿತ್ರ’ ಅಂತ ಅಷ್ಟೇ. ಚರ್ಚೆ ಮುಂದೆ ಹೋಗುತ್ತದೆ, ನಾನು ಹೊರಗೇ ಉಳಿಯುತ್ತೇನೆ. ಆ ಎರರ್ ಸಾಲನ್ನು ಚಿತ್ರದ ಕೆಳಗೆ ಅಂಟಿಸಲು ಎಷ್ಟು ಹೊತ್ತು ಬೇಕು? ಮೀಟಿಂಗ್‌ನಲ್ಲಿ ತೀರ್ಮಾನವಾದದ್ದನ್ನು ನಾಲ್ಕು ಸಾಲು ಬರೆದು ಹಾಕಿದರೆ ಕಿವಿ ಕೇಳದವರಿಗೂ ಅನುಕೂಲ. ತಂತ್ರಾಂಶ ಮಾಡುವವರು ಅದರ ಬಟನ್‌ಗೆ ಹೆಸರು ಕೊಡುವುದನ್ನೂ ಮರೆಯಬೇಡಿ. ಇಲ್ಲದಿದ್ದರೆ ‘ಬಟನ್, ಬಟನ್’ ಅನ್ನುವುದು ಬಿಟ್ಟು ಎನ್‌ವಿಡಿಎ ತಾನೇ ಏನು ಹೇಳೀತು?

ಹೊಸದಾಗಿ ಹಾಕಿಕೊಳ್ಳುವವರು ಮೊದಲು ಇನ್ಸರ್ಟ್ ಕೀ ಹಿಡಿದು 1 ಒತ್ತಿ. ಆಮೇಲೆ ಯಾವ ಕೀ ಒತ್ತಿದರೂ ಅದರ ಹೆಸರು, ಕೆಲಸ ಹೇಳುತ್ತದೆ. ಏನೂ ಅಳಿಸಿಹೋಗುವ ಭಯವಿಲ್ಲ. ಸಾಕಾದಾಗ ಮತ್ತೆ ಅದನ್ನೇ ಒತ್ತಿ ಹೊರಬನ್ನಿ.