ಟೀವಿಯಲ್ಲಿ ಗ್ಲಾಸ್ಟನ್‌ಬರಿ: ಹಿರಿಯರ ಕಛೇರಿಯನ್ನು ಬಿಬಿಸಿ ಹೇಗೆ ತೋರಿಸುತ್ತದೆ

ಹಿರಿಯ ಗಾಯಕರೊಬ್ಬರು ದೊಡ್ಡ ಸಂಗೀತೋತ್ಸವದ ಮುಖ್ಯ ಕಛೇರಿ ಕೊಡುವಾಗ ಅದನ್ನು ಮನೆಮನೆಗೆ ಹೇಗೆ ತಲುಪಿಸಬೇಕು ಅನ್ನುವುದಕ್ಕೆ ನಮ್ಮ ಪ್ರಕಾರ ಇವತ್ತಿಗೂ ಅಳತೆಗೋಲು ಒಂದೇ: 2023ರ ಜೂನ್ 25ರ ಭಾನುವಾರ ಬಿಬಿಸಿ ಒನ್‌ನಲ್ಲಿ ಬಂದ ಬ್ರಿಟಿಷ್ ಗಾಯಕ, ಪಿಯಾನೊ ವಾದಕ ಎಲ್ಟನ್ ಜಾನ್ ಕಾರ್ಯಕ್ರಮ. ಇಂಗ್ಲೆಂಡಿನ ಸಾಮರ್‌ಸೆಟ್‌ನ ವರ್ದಿ ಫಾರ್ಮ್ ಎಂಬ ಹೊಲ, ಅಲ್ಲಿ ನಡೆಯುವ ಗ್ಲಾಸ್ಟನ್‌ಬರಿ ಸಂಗೀತೋತ್ಸವದ ಮುಖ್ಯ ವೇದಿಕೆಯಾದ ಪಿರಮಿಡ್ ಸ್ಟೇಜ್, ರಾತ್ರಿ 9 ಗಂಟೆ. ಎಲ್ಟನ್ ಅವರಿಗೆ ಆಗ 76. ಗ್ಲಾಸ್ಟನ್‌ಬರಿಯಲ್ಲಿ ಅದೇ ಮೊದಲು, ಬ್ರಿಟನ್ನಿನ ವಿದಾಯ ಕಛೇರಿಯೂ ಅದೇ. ಉತ್ತುಂಗದಲ್ಲಿ 76 ಲಕ್ಷ ಜನ ಟೀವಿ ಮುಂದಿದ್ದರು.

ಮೈದಾನದಲ್ಲಿ ನಿಂತವರಿಗೆ ಗಾಯಕರ ದನಿಯ ಜೊತೆಗೆ ಸುತ್ತಲಿನವರ ಹಾಡೂ ಕೇಳುತ್ತದೆ, ಬೇಸ್ ಎದೆಗೇ ಬಡಿಯುತ್ತದೆ. ಒಂದು ಸ್ವರ ಜಾರಿದರೂ ಯಾರಿಗೂ ಗೊತ್ತಾಗುವುದಿಲ್ಲ. ಟೀವಿಗೆ ಬರುವುದು ಮುಖ್ಯವಾಗಿ ಬಾಯಿಯ ಮುಂದಿನ ಮೈಕ್. ಉಸಿರು ಎಲ್ಲಿ ಸಾಲದೆ ಹೋಯಿತು, ಯಾವ ಸಾಲನ್ನು ಮೊಟಕುಗೊಳಿಸಿದರು ಎಲ್ಲವೂ ಬಯಲು. ಆದ್ದರಿಂದ ಇಂಥ ಪ್ರಸಾರದಲ್ಲಿ ಮೊದಲು ನೋಡಬೇಕಾದ್ದು ಚಿತ್ರವಲ್ಲ, ಮಿಕ್ಸಿಂಗ್, ಅಂದರೆ ಬೇರೆ ಬೇರೆ ಮೈಕ್‌ಗಳ ಸದ್ದನ್ನು ಹದವಾಗಿ ಬೆರೆಸುವುದು.

1987ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಎಲ್ಟನ್ ಅವರ ಕಂಠ ದಪ್ಪವಾಗಿ ಕೆಳಗಿಳಿದಿದೆ. ಎಪ್ಪತ್ತರ ದಶಕದ ರೆಕಾರ್ಡುಗಳಲ್ಲಿ ಕೇಳುವ ಕಳ್ಳದನಿ (ಫಾಲ್ಸೆಟ್ಟೊ, ಸಹಜ ದನಿಗಿಂತ ಮೇಲೇರಿ ಹಾಡುವ ತೆಳು ದನಿ) ಈಗಿಲ್ಲ. 1972ರಲ್ಲಿ ಬಂದ 'ಕ್ರೊಕಡೈಲ್ ರಾಕ್'ನ ಪಲ್ಲವಿಯಲ್ಲಿ ತಾರಸ್ಥಾಯಿಯ 'ಲಾ ಲಾ' ಇದೆಯಲ್ಲ, ಅದನ್ನು ವರ್ಷಗಳಿಂದ ಅವರು ಜನರಿಗೇ ಬಿಟ್ಟುಕೊಡುತ್ತಾರೆ. ಪ್ರಸಾರದ ಎಂಜಿನಿಯರ್‌ಗೆ ಇದೇ ಕಠಿಣ ಜಾಗ. ಜನರ ಕಡೆಗಿಟ್ಟ ಮೈಕ್‌ನ ಸದ್ದು ಏರಿಸದಿದ್ದರೆ ಪಲ್ಲವಿಯಲ್ಲಿ ಬರೀ ಪಿಯಾನೊ ಉಳಿದು, ಗಾಯಕರು ಹಾಡುವುದನ್ನೇ ನಿಲ್ಲಿಸಿದ ಹಾಗೆ ಕೇಳುತ್ತದೆ. ಸುಮ್ಮನೆ ಏರಿಸಿದರೆ ಇನ್ನೊಂದು ತಾಪತ್ರಯ: ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ವೇದಿಕೆಯಿಂದ 100 ಮೀಟರ್ ದೂರದ ಮೈಕ್‌ಗೆ ಸ್ಪೀಕರ್‌ಗಳ ಸದ್ದು ಸುಮಾರು 0.3 ಸೆಕೆಂಡ್ ತಡವಾಗಿ ಸೇರುತ್ತದೆ, ಡ್ರಮ್ ಎರಡೆರಡು ಸಲ ಬಡಿದಂತಾಗುತ್ತದೆ. ವೇದಿಕೆಯ ಅಂಚಿನಲ್ಲಿ ಜನರ ಕಡೆಗೆ ತಿರುಗಿಸಿದ ಮೈಕ್‌ಗಳನ್ನು ಮುಂದಿಟ್ಟುಕೊಂಡು, ದೂರದವುಗಳನ್ನು ಹಾಡಿನ ಕೊನೆಗೆ ಮಾತ್ರ ಏರಿಸುವುದು ಇದಕ್ಕೆ ಪರಿಹಾರ. ಆ ರಾತ್ರಿ 'ಲಾ ಲಾ' ಬಂದಾಗ ಇಡೀ ಬಯಲು ಕೋಣೆಗೆ ನುಗ್ಗುತ್ತದೆ, ಆದರೂ ತಾಳ ಕಲಸಿಹೋಗುವುದಿಲ್ಲ. ಈ ಒಂದು ಹಾಡಿಗೇ ಪೂರ್ತಿ ಅಂಕ ಕೊಡಬಹುದು.

ಇದು ಸಾಧ್ಯವಾಗುವುದು ಮೈಕ್ ಲೈನುಗಳನ್ನು ವೇದಿಕೆಯಲ್ಲೇ ಕವಲೊಡೆಸಿ ಪ್ರಸಾರದ ವ್ಯಾನಿಗೆ ಬೇರೆಯಾಗಿ ಕೊಟ್ಟು, ಅಲ್ಲಿ ಬೇರೆಯೇ ಮಿಕ್ಸ್ ಮಾಡುವುದರಿಂದ. ನಮ್ಮ ಕಡೆ ಎಷ್ಟೋ ಶಾಸ್ತ್ರೀಯ ಕಛೇರಿಗಳ ಯೂಟ್ಯೂಬ್ ನೇರಪ್ರಸಾರದಲ್ಲಿ ಸಭಾಂಗಣದ ಸ್ಪೀಕರ್‌ಗೆ ಹೋಗುವ ಲೈನನ್ನೇ ಕ್ಯಾಮೆರಾಗೂ ಜೋಡಿಸಿಬಿಡುತ್ತಾರೆ. ಮೃದಂಗ ಸಭೆಯಲ್ಲಿ ಹೇಗೂ ಜೋರಾಗಿ ಕೇಳುತ್ತದೆಂದು ಅದರ ಮೈಕ್ ತಗ್ಗಿಸಿರುತ್ತಾರೆ. ಮನೆಯಲ್ಲಿ ಕೇಳುವವರಿಗೆ ಮೃದಂಗವೇ ಇಲ್ಲ! ಮೈಕ್ ಲೈನನ್ನು ಎರಡಾಗಿಸುವ ಒಂದು ಸ್ಪ್ಲಿಟರ್, ಒಂದು ಸಣ್ಣ ಮಿಕ್ಸರ್, ಹೆಡ್‌ಫೋನ್ ಹಾಕಿಕೊಂಡು ಬೇರೆ ಕೋಣೆಯಲ್ಲಿ ಕೂರುವ ಒಬ್ಬ ಮನುಷ್ಯ, ಇಷ್ಟಿದ್ದರೆ ಅರ್ಧ ಕೆಲಸ ಆದಂತೆ.

ಚಿತ್ರದ ವಿಷಯಕ್ಕೆ ಬಂದರೆ, ಪಿಯಾನೊ ಮುಂದೆ ಕೂತ ಕಲಾವಿದರನ್ನು ಎರಡು ಗಂಟೆ ತೋರಿಸುವುದು ಸುಲಭವಲ್ಲ. ಬಂಗಾರದ ಬಣ್ಣದ ಸೂಟು, ಕೀಲಿಗಳ ಮೇಲಿನ ಬೆರಳು, 1971ರಿಂದ ಜೊತೆಗಿರುವ ಗಿಟಾರ್‌ನ ಡೇವಿ ಜಾನ್‌ಸ್ಟನ್, ಹೆಡ್‌ಫೋನ್ ಹಾಕಿಕೊಂಡೇ ನುಡಿಸುವ ಡ್ರಮ್ಮರ್ ನೈಜೆಲ್ ಓಲ್ಸನ್ ಇವರ ನಡುವೆ ಕ್ಯಾಮೆರಾ ಓಡಾಡುತ್ತದೆ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು 9.30ರ ಸುಮಾರಿಗೆ. ಮೊದಲ ಅರ್ಧ ಗಂಟೆ ಹಗಲ ಬೆಳಕು, ಆಮೇಲೆ ವೇದಿಕೆಯ ದೀಪ. ಈ ಬದಲಾವಣೆಯಲ್ಲಿ ಮುಖದ ಬಣ್ಣ ಕೆಡದಂತೆ ನೋಡಿಕೊಂಡಿದ್ದಾರೆ. ಜನರ ಕಡೆಗೆ ಕ್ಯಾಮೆರಾ ತಿರುಗಿದ್ದು ಸ್ವಲ್ಪ ಹೆಚ್ಚೇ ಆಯಿತು. ಪಿಯಾನೊ ಒಂಟಿಯಾಗಿ ನುಡಿಯುವಾಗಲಾದರೂ ಕ್ಯಾಮೆರಾ ಬೆರಳುಗಳನ್ನು ಬಿಟ್ಟು ಕದಲಬಾರದು.

ಹಿಂದಿನ ವರ್ಷ, 2022ರ ಜೂನ್ 25ರಂದು, 80 ತುಂಬಿ ಒಂದೇ ವಾರವಾಗಿದ್ದ, ಬೀಟಲ್ಸ್ ತಂಡದ ಪಾಲ್ ಮ್ಯಾಕಾರ್ಟ್ನಿ ಅದೇ ವೇದಿಕೆಯಲ್ಲಿ ಹಾಡಿದರು. ತೀರಿಹೋದ ಬೀಟಲ್ಸ್ ಸಂಗಾತಿ ಜಾನ್ ಲೆನನ್ ಅವರ, 1969ರ ಚಿತ್ರೀಕರಣದಿಂದ ಬೇರ್ಪಡಿಸಿದ ದನಿಯೊಂದಿಗೆ ಯುಗಳ ಗೀತೆ, ಅತಿಥಿಗಳಾಗಿ ರಾಕ್ ಗಾಯಕರಾದ ಡೇವ್ ಗ್ರೋಲ್, ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಎಲ್ಲರೂ ಇದ್ದರು. ಆದರೆ ಟೀವಿಯಲ್ಲಿ ಬಂದದ್ದು ಸುಮಾರು ಒಂದು ಗಂಟೆ ತಡವಾಗಿ. ಅಷ್ಟರಲ್ಲಿ ಯಾರು ಬಂದರು, ಯಾವ ಹಾಡು ಎಂಬ ಸುದ್ದಿ ಫೋನುಗಳಿಗೆ ತಲುಪಿಯಾಗಿತ್ತು. ಸಂಗೀತ ಅದ್ಭುತ, ಪ್ರಸಾರಕ್ಕೆ ಎರಡನೇ ಸ್ಥಾನ. 2025ರ ಜೂನ್ 28ರಂದು 79ರ ಕೆನಡಾ ಮೂಲದ ಗಾಯಕ ನೀಲ್ ಯಂಗ್ ಅವರದು ಬೇರೆಯೇ ಕಥೆ: ಅವರ ಇಚ್ಛೆಯಂತೆ ನೇರಪ್ರಸಾರವಿಲ್ಲ ಎಂದಿದ್ದ ಬಿಬಿಸಿ ಕೊನೆ ಗಳಿಗೆಯಲ್ಲಿ ಉಂಟು ಎಂದಿತು. ಬರೀ ಗಿಟಾರು, ಮೌತ್ ಆರ್ಗನ್‌ನಿಂದ ಅವರು ಶುರು ಮಾಡಿದಾಗ ನಡುಗುವ ಆ ತೆಳು ದನಿ ಕೇಳಿದವರಿಗೆ ಟೀವಿಯ ಲಾಭವೂ ಗೊತ್ತಾಗಿರುತ್ತದೆ. ಬಯಲಿನ ಹಿಂದಿನ ಸಾಲಿಗೆ ಅಷ್ಟು ಸೂಕ್ಷ್ಮ ತಲುಪುವುದು ಕಷ್ಟ.

ಇಷ್ಟೆಲ್ಲ ಮಾಡಿ ಕಳಿಸಿದ ಸದ್ದನ್ನು ನಮ್ಮ ಟೀವಿ ಸೆಟ್ಟಿಂಗ್ ಹಾಳು ಮಾಡಬಹುದು. ಮಾತು ಸ್ಪಷ್ಟವಾಗಲೆಂದು ಇರುವ 'ಕ್ಲಿಯರ್ ವಾಯ್ಸ್' ಆಯ್ಕೆಯನ್ನು ತೆಗೆಯಿರಿ. ಅದು ಮಧ್ಯದ ಕಂಪನಾಂಕಗಳನ್ನು ಎತ್ತಿ ಪಿಯಾನೊವನ್ನು ತಗಡಿನ ಸದ್ದಾಗಿಸುತ್ತದೆ. 'ನೈಟ್ ಮೋಡ್', 'ಆಟೋ ವಾಲ್ಯೂಮ್' ಕೂಡ ಬೇಡ, ಮೆಲುದನಿಯೂ ಜನರ ಕೂಗೂ ಒಂದೇ ಮಟ್ಟಕ್ಕೆ ಬಂದುಬಿಡುತ್ತವೆ. ಚಿತ್ರದಲ್ಲಿ 'ಮೋಶನ್ ಸ್ಮೂದಿಂಗ್' ಆಫ್, 'ವಿವಿಡ್' ಬದಲು 'ಸಿನಿಮಾ' ಮೋಡ್. ಸೌಂಡ್‌ಬಾರ್ ಇದ್ದರೆ ಡ್ರಮ್ಮರ್‌ನ ಕಡ್ಡಿ ನೋಡಿ: ಕಡ್ಡಿ ಬಡಿಯುವ ಮೊದಲೇ ಸದ್ದು ಬಂದರೆ 'ಎವಿ ಸಿಂಕ್'ನಲ್ಲಿ 10–20 ಮಿಲಿಸೆಕೆಂಡಿನಷ್ಟೇ ಒಂದೊಂದು ಸಲ ಹೆಚ್ಚಿಸುತ್ತ ಹೋಗಿ. ಸದ್ದು ತಡವಾದರೆ ಆ ಆಯ್ಕೆ ಉಪಯೋಗಕ್ಕೆ ಬಾರದು, ಅದು ತಡ ಮಾಡಬಲ್ಲದೇ ಹೊರತು ಬೇಗ ಮಾಡಲಾರದು. ಆಗ ಟೀವಿಯ ಡಿಜಿಟಲ್ ಆಡಿಯೊ ಔಟ್‌ಪುಟ್ ಅನ್ನು 'ಪಿಸಿಎಂ'ಗೆ (ಸಂಕುಚಿಸದ ಸದ್ದಿಗೆ) ಬದಲಿಸಿ. ಬಜೆಟ್ ಕಮ್ಮಿಯಿದ್ದರೆ ಸಾಧಾರಣ ಸೌಂಡ್‌ಬಾರ್‌ಗಿಂತ ಹಳೆಯ ಆಂಪ್ಲಿಫೈಯರ್ ಜೊತೆ ಎರಡು ಸ್ಪೀಕರ್ ಮೇಲು.

ಪಿರಮಿಡ್ ಸ್ಟೇಜ್ ಕಾರ್ಯಕ್ರಮಗಳು ಬಿಬಿಸಿಯ ಇಂಟರ್ನೆಟ್ ಸೇವೆಯಾದ ಐಪ್ಲೇಯರ್‌ನಲ್ಲಿ ಅಲ್ಟ್ರಾ ಎಚ್‌ಡಿಯಲ್ಲೂ ಬರುತ್ತವೆ. ಇಂಟರ್ನೆಟ್ ಸೆಕೆಂಡಿಗೆ 25 ಮೆಗಾಬಿಟ್‌ಗಿಂತ ಮೇಲೆ ಏರುಪೇರಿಲ್ಲದೆ ಬರುತ್ತಿರಬೇಕು, ವೈಫೈಗಿಂತ ಕೇಬಲ್ ಒಳ್ಳೆಯದು. ಆದರೆ ಆ್ಯಂಟೆನಾದಲ್ಲಿ ಬರುವ ಪ್ರಸಾರಕ್ಕಿಂತ ಇದು ಹಿಂದೆ ಬೀಳುತ್ತದೆ. ಪಕ್ಕದ ಮನೆಯವರು ಮೊದಲೇ ಚಪ್ಪಾಳೆ ತಟ್ಟುವುದು ಬೇಡವೆಂದರೆ ನೇರ ನೋಡಲು ಬಿಬಿಸಿ ಒನ್, ಮರುದಿನ ಮತ್ತೆ ನೋಡಲು ಐಪ್ಲೇಯರ್.

ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ನೆನಪಿಸಬೇಕಾದ್ದು ಟೀವಿ ಲೈಸೆನ್ಸ್. ಐಪ್ಲೇಯರ್ ಮಾತ್ರ ನೋಡುವುದಾದರೂ ಬೇಕು, 2025ರ ಏಪ್ರಿಲ್‌ನಿಂದ ವರ್ಷಕ್ಕೆ 174.50 ಪೌಂಡ್ ಆಗಿತ್ತು. ಭಾರತದಲ್ಲಿ ಐಪ್ಲೇಯರ್ ತೆರೆಯುವುದಿಲ್ಲ. ಅಲ್ಲಿಯ ರಾತ್ರಿ 9 ಎಂದರೆ ಇಲ್ಲಿ ನಡುರಾತ್ರಿ 1.30, ಬಿಬಿಸಿ ಯೂಟ್ಯೂಬ್‌ಗೆ ಹಾಕುವ ಬಿಡಿ ಹಾಡುಗಳೇ ಗತಿ. 2026ರಲ್ಲಿ ಹೊಲಕ್ಕೆ ಬಿಡುವು ಕೊಡಲು ಉತ್ಸವವನ್ನೇ ಇಟ್ಟುಕೊಂಡಿಲ್ಲ, ಮುಂದಿನದು 2027ರಲ್ಲಿ.