ಎರಡು ಡಬ್ಬಿಯ ಮೆಶ್ ವೈಫೈ: ಯಕ್ಷಗಾನ ಮೇಳದ ಒಂದು ತಿರುಗಾಟದಷ್ಟು ಕಾಲ ಬಳಸಿದ ಮೇಲೆ

ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ವೇಗವನ್ನು ಎಲ್ಲರೂ ನೋಡಿರುತ್ತೀರಿ, ಅದು ಬೇಡ. ನಮ್ಮದು ಉಡುಪಿ ಪೇಟೆಯಿಂದ ಸ್ವಲ್ಪ ಹೊರಗಿರುವ ಹಳೇ ಮನೆ, ಮುರಕಲ್ಲಿನ ದಪ್ಪ ಗೋಡೆ. 5 ಗಿಗಾಹರ್ಟ್ಸ್ ಸಿಗ್ನಲ್ ಚಾವಡಿಯಿಂದ ಹೊರಟು ಎರಡನೇ ಗೋಡೆ ದಾಟುವಾಗ ಸುಸ್ತು. 2.4 ದಾಟುತ್ತದೆ, ಆದರೆ ಒಂದಕ್ಕೊಂದು ತಾಗದ ಚಾನೆಲ್, ಅಂದರೆ ಸಿಗ್ನಲ್ ಓಡಾಡುವ ದಾರಿ, ಅದರಲ್ಲಿ ಮೂರೇ: 1, 6, 11. ಆಚೀಚೆ ಬಾಡಿಗೆ ಮನೆಗಳ ರೂಟರ್‌ಗಳೆಲ್ಲ ಅಲ್ಲೇ ಬಂದು ಕೂತಿವೆ. ಹಾಗಾಗಿ ಮೇಳಗಳು ಗೆಜ್ಜೆ ಕಟ್ಟುವ ಹೊತ್ತಿಗೆ ಈ ವೈಫೈ 6 ಮೆಶ್ ಜೋಡಿ ಮನೆಗೆ ಬಂತು: ಮನೆಯ ಎರಡು ಕಡೆ ಇಟ್ಟರೆ ಒಂದೇ ವೈಫೈಯಂತೆ ನಡೆಯುವ ಎರಡು ಡಬ್ಬಿ.

ರಾತ್ರಿ ಊಟವಾಗಿ, ಅಜ್ಜಿ ಎಲೆಗೆ ಸುಣ್ಣ ಸವರಿ ಚಾವಡಿಯ ಟಿವಿ ಎದುರು ಕೂತರೆ ಯೂಟ್ಯೂಬಿನಲ್ಲಿ ಆಟದ ಲೈವ್ ಹಾಕಿ ಕೊಡುವುದು ನನ್ನ ಕೆಲಸ. ಅಮ್ಮ ಅದೇ ಆಟವನ್ನು ಮೊಬೈಲಿನಲ್ಲಿ ಹಾಕಿ, ಎಣ್ಣೆ ಡಬ್ಬಿಗೆ ಒರಗಿಸಿಟ್ಟು ಪಾತ್ರೆ ತೊಳೆಯುತ್ತಾರೆ. ಉಪ್ಪರಿಗೆಯಲ್ಲಿ ಅಕ್ಕನ ಮಗನ ಕ್ರಿಕೆಟ್. ಹಿಂದಿನ ಕೋಣೆಯಲ್ಲಿ ದೊಡ್ಡಪ್ಪ, ಅವರ ಓಬೀರಾಯನ ಕಾಲದ ಫೋನು.

ಮೊದಲ ವಾರಗಳಲ್ಲಿ ನನಗೆ ಸಿಟ್ಟು ಬಂದದ್ದು ಇಲ್ಲೇ. ಫುಲ್ ಎಚ್‌ಡಿಗೆ ನೆಟ್‌ಫ್ಲಿಕ್ಸ್ ಕೇಳುವುದು 5 ಎಂಬಿಪಿಎಸ್. ಆ ಲೆಕ್ಕದಲ್ಲಿ ನಾಲ್ಕು ಜನಕ್ಕೆ 20 ಸಾಕು. ನಮ್ಮ ಫೈಬರ್ 100ರದ್ದು. ಆದರೂ ಎಲ್ಲರ ಪರದೆಯಲ್ಲೂ ಚಕ್ರ ತಿರುಗುವುದು! "ಏ ಮಗಾ, ಭಾಗವತರು ನಿಂತರು ನೋಡು" ಅಂತ ಚಾವಡಿಯಿಂದ ಕೂಗು. ದೊಡ್ಡಪ್ಪ ಫೋನು ಮಡಚಿಟ್ಟು ಮಲಗಿದರೆ ಸರಿಯಾಗುತ್ತಿತ್ತು. ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರದೇ ಮಾತು. ದೂರದ ಫೋನು ಅಷ್ಟೇ ವಿಡಿಯೊವನ್ನು ನಿಧಾನವಾಗಿ ಎಳೆಯುತ್ತಾ ಎಲ್ಲರ ಸಮಯ ತಿನ್ನುತ್ತದೆ. ಶಿರಾಡಿ ಘಾಟಿಯಲ್ಲಿ ಟ್ಯಾಂಕರಿನ ಹಿಂದೆ ಸಿಕ್ಕಿದ ಕಾರಿನ ಗತಿ. ಸಾಲದ್ದಕ್ಕೆ ಎರಡನೇ ಡಬ್ಬಿಯೂ ಮೊದಲನೆಯದರ ಜತೆ ಅದೇ ಗಾಳಿಯಲ್ಲೇ ಮಾತಾಡಬೇಕು. ಬಂದದ್ದನ್ನು ಮತ್ತೊಮ್ಮೆ ಕಳಿಸಬೇಕು. ಕಂಪನಿಯ ಜಾಹೀರಾತಿನಲ್ಲಿ ಇದರ ಸುದ್ದಿಯೇ ಇಲ್ಲ.

ಕೊನೆಗೆ ಎಲೆಕ್ಟ್ರಿಷಿಯನ್ ಕರೆಸಿ, ಅಟ್ಟದ ಮೇಲಿಂದ ಎರಡು ಡಬ್ಬಿಗಳ ನಡುವೆ ಕೇಬಲ್ ಎಳೆಸಿದೆ. ಡಬ್ಬಿಗೆ ಕೊಟ್ಟ ದುಡ್ಡಿನ ಮುಂದೆ ಆ ಕೇಬಲಿನ ಖರ್ಚು ಏನೂ ಅಲ್ಲ. ಎರಡನೆಯದನ್ನು ಹಿಂದಿನ ಕೋಣೆಯ ಬಾಗಿಲ ಮೇಲೆ ಕೂರಿಸಿ, ಬೇರೆ ಚಾನೆಲ್ ಕೊಟ್ಟದ್ದೇ ತಡ, ದೊಡ್ಡಪ್ಪನ ಫೋನೂ ಸರಾಗ, ಉಳಿದವರೂ ನಿರಾಳ. ಆಮೇಲೆ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆವರೆಗೂ ಚಕ್ರ ಕಂಡದ್ದು ಕರೆಂಟು ಹೋಗಿ ಬಂದಾಗ ಮಾತ್ರ. ಡಬ್ಬಿಯ ಮೇಲಿದ್ದ ಸಿಟ್ಟೂ ಇಳಿಯಿತು. ಗೋಡೆ ಇಷ್ಟು ದಪ್ಪ ಇರುವವರು ಕೇಬಲ್ ಎಳೆಯಲು ದಾರಿ ಇದ್ದರೆ ಮಾತ್ರ ಇದನ್ನು ತನ್ನಿ. ಫ್ಲಾಟಿನವರಿಗೆ ಒಂದೇ ರೂಟರ್ ಸಾಕು, ದುಡ್ಡು ಉಳಿಸಿ.

ಒಂದು ಕಿರಿಕಿರಿ ಉಳಿದೇ ಇದೆ, ಅದು ಡಬ್ಬಿಯ ತಪ್ಪಲ್ಲ. ಅಡುಗೆಮನೆಯಲ್ಲಿ ಚೆಂಡೆಯ ಪೆಟ್ಟು ಬಿದ್ದು ಎಷ್ಟೋ ಹೊತ್ತಾದ ಮೇಲೆ ಚಾವಡಿಯಲ್ಲಿ ಬೀಳುತ್ತದೆ. ಲೈವ್ ವಿಡಿಯೊ ಬರುವುದು ಕೆಲವು ಸೆಕೆಂಡುಗಳ ತುಂಡುಗಳಾಗಿ. ಮೊಬೈಲು ಒಂದಷ್ಟು ತುಂಡು ಕೂಡಿಟ್ಟು ಶುರು ಮಾಡುತ್ತದೆ, ಟಿವಿ ಇನ್ನಷ್ಟು. ಆಟ ಒಂದೇ ಆದರೂ ಇಬ್ಬರಿಗೂ ಬೇರೆ ಬೇರೆಯಾಗಿ ಇಳಿಯುತ್ತದೆ. ಒಮ್ಮೆ ಕಳಿಸಿ ಎಲ್ಲರೂ ಹಿಡಿದುಕೊಳ್ಳುವ ಮಲ್ಟಿಕಾಸ್ಟ್ ವೈಫೈಯಲ್ಲಿ ಇದೆ. ಆದರೆ ಅದು ಸಾಮಾನ್ಯವಾಗಿ ಕಡಿಮೆ ವೇಗದಲ್ಲೇ ಹೋಗುವುದು, ತಲುಪಿತೋ ಇಲ್ಲವೋ ಎಂಬ ಮರುಉತ್ತರವೂ ಇಲ್ಲ. ಯೂಟ್ಯೂಬ್ ಅದರ ತಂಟೆಗೆ ಹೋಗುವುದಿಲ್ಲ. ಅಮ್ಮ ಈಗ ಮೊಬೈಲಿನ ಸದ್ದು ತೆಗೆದು ಚಾವಡಿಯ ಪದ್ಯ ಕೇಳುತ್ತಾ ವೇಷ ಮಾತ್ರ ನೋಡುತ್ತಾರೆ, ಕುಣಿತ ಒಂದು ಕಡೆ, ತಾಳ ಇನ್ನೊಂದು ಕಡೆ.

ಇನ್ನೊಂದು: ಡಬ್ಬಿ ತನ್ನಷ್ಟಕ್ಕೆ ಅಪ್‌ಡೇಟ್ ಆಗಿ ನಿಂತು ಮತ್ತೆ ಶುರುವಾಗುವ ಹೊತ್ತನ್ನು ಕಂಪನಿ ನಸುಕಿನ ಮೂರಕ್ಕೆ ಇಟ್ಟಿದೆ. ನಡುರಾತ್ರಿಯ ಹೊತ್ತಿಗೆ ಮುಗಿಯುವ ಕಾಲಮಿತಿ ಆಟವಾದರೆ ಪರವಾಗಿಲ್ಲ. ಇಡೀ ರಾತ್ರಿಯ ಆಟದಲ್ಲಿ ಬಣ್ಣದ ವೇಷ ಅಬ್ಬರಿಸುವ ಹೊತ್ತು ಅದು. ತಂದ ದಿನವೇ ಆ್ಯಪಿನಲ್ಲಿ ಅದನ್ನು ಮಧ್ಯಾಹ್ನ ಎರಡೂವರೆಗೆ ಬದಲಿಸಿಬಿಡಿ, ಗಂಜಿ ಊಟ ಮುಗಿದು ಮನೆಯೆಲ್ಲ ಮಲಗಿರುತ್ತದೆ.